ಕಡಲಿನವರ ಅಂಧೇರಿ

ಮುಂಬಯಿಯ ಅಂಧೇರಿ ಪಶ್ಚಿಮದ ವೀರ ದೇಸಾಯಿ ರಸ್ತೆಯ ಬಳಿ ಮೊಗವೀರ ಭವನವಿದೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಮನೆ ಅದು. ಕರ್ನಾಟಕದ ಕರಾವಳಿಯಲ್ಲಿ ಬಲೆ, ದೋಣಿ ಬಿಟ್ಟು ಮುಂಬಯಿಗೆ ಬಂದ ಮೊಗವೀರ ಮೀನುಗಾರರ ಹುಡುಗರು ಹಗಲು ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತರು. ಊರಲ್ಲಿ ಮೀನಿನ ವಾಸನೆಯೆಂದು ಹೀಯಾಳಿಸಿಕೊಂಡವರು ಇಲ್ಲಿ ಶಾಲೆ, ಕಾಲೇಜು ಕಟ್ಟಿದರು. ಯಾರೂ ಕರೆದು ಕೊಟ್ಟ ಜಾಗವಲ್ಲ, ಒಗ್ಗಟ್ಟಿನಿಂದ ದಕ್ಕಿಸಿಕೊಂಡದ್ದು.

ಅಲ್ಲಿಂದ ಪಶ್ಚಿಮಕ್ಕೆ ಹೋದರೆ ವರ್ಸೋವಾ ಕೋಲಿವಾಡ. ಈ ಕೋಲಿ ಮೀನುಗಾರರು ಎಲ್ಲಿಂದಲೋ ಬಂದವರಲ್ಲ. ನಗರವೇ ಅವರ ಬಳಿಗೆ ಬಂದಿತು. ಬೊಂಬಿಲು ಮೀನು ಒಣಗಿಸುವ ಅಂಗಳ, ದೋಣಿ ಎಳೆದಿಡುವ ದಡ ಅಧಿಕಾರಿಗಳ ನಕ್ಷೆಯಲ್ಲಿ ಖಾಲಿ ನೆಲವಾಗಿ ಕಾಣುತ್ತವೆ! ಕೋಲಿವಾಡಗಳ ಗಡಿ ಗುರುತಿಸಿ, ಕೊಳೆಗೇರಿಯ ಲೆಕ್ಕಕ್ಕೆ ಸೇರಿಸಬೇಡಿ ಎಂಬುದು ಅವರ ಹಳೆಯ ಕೇಳಿಕೆ.

ದೂರದ ಕಡಲಲ್ಲೂ ಕಡಲಿನವರ ನೆಲೆಯನ್ನು ಕಡೆಗಣಿಸುವ ಇದೇ ಕಥೆ. ಥಾಯ್ಲೆಂಡಿನ ಕಡಲ ಅಲೆಮಾರಿಗಳಾದ ಮೋಕೆನ್ ಜನ 2004ರ ಸುನಾಮಿಯಲ್ಲಿ ನೀರು ಹಿಂದೆ ಸರಿದದ್ದು ಕಂಡೇ ಗುಡ್ಡ ಹತ್ತಿ ಬದುಕಿದರು. ಆಮೇಲೆ ಅವರನ್ನು ದಡದಲ್ಲಿ ನೆಲೆಗೊಳಿಸಲಾಯಿತು. ಅನೇಕರಿಗೆ ಪೌರತ್ವದ ಕಾಗದವೇ ಇರಲಿಲ್ಲ. ಮಲೇಷ್ಯಾದ ಸಬಾದಲ್ಲಿ ಬಜಾವು ಜನರ ನೀರ ಮೇಲಿನ ಮನೆಗಳನ್ನು 2024ರಲ್ಲಿ ಕೆಡವಿದರು.

ಮುಂಬಯಿಯ ವರ್ಲಿಯಲ್ಲಿ ಮಾತ್ರ ಹಟಕ್ಕೆ ಫಲ ಸಿಕ್ಕಿತು. ಕರಾವಳಿ ರಸ್ತೆಯ ಕಂಬಗಳ ನಡುವೆ ದೋಣಿ ಸಾಗಲು 60 ಮೀಟರ್ ಬಿಟ್ಟಿದ್ದನ್ನು ಮೀನುಗಾರರು 120ಕ್ಕೆ ಏರಿಸಿಕೊಂಡರು. ಈಗ ವರ್ಸೋವಾದಿಂದ ಉತ್ತರಕ್ಕೂ ಅಂಥದೇ ರಸ್ತೆ ಹೊರಟಿದೆ. ನಕ್ಷೆ ಎಳೆಯುವ ಮೊದಲೇ ಇಲ್ಲಿನ ದೋಣಿಗಳ ದಾರಿ ಯಾವುದೆಂದು ಮೀನುಗಾರರನ್ನು ಕೇಳಬಹುದಲ್ಲ?