ಬಿಲ್ಲಿನಲ್ಲಿ ಬಾರದ ನೋವು
(ಸಂಘದ ವಾರ್ಷಿಕ ಸಭೆಯಲ್ಲಿ ವೈದ್ಯಕೀಯ ನೆರವು ಸಮಿತಿಯ ಪರವಾಗಿ ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಕ್ಕ ಬರೆದವನು. ನಿವೃತ್ತನಾದ ಮೇಲೆ ನಮ್ಮ ಸಮಿತಿಗೆ ಬರುವ ಅರ್ಜಿಗಳನ್ನು ನೋಡಿಕೊಳ್ಳುತ್ತಿದ್ದೇನೆ. ಆಸ್ಪತ್ರೆಯ ಅಂದಾಜು ಪತ್ರ, ರೇಷನ್ ಕಾರ್ಡಿನ ಪ್ರತಿ, ಬ್ಯಾಂಕ್ ಖಾತೆಯ ವಿವರ, ಇಷ್ಟು ಸರಿಯಿದ್ದರೆ ಅರ್ಜಿ ಸರಿ ಎಂದುಕೊಂಡಿದ್ದೆ. 2020ರಲ್ಲಿ ನನ್ನ ಆ ಲೆಕ್ಕ ತಪ್ಪಿತು. ಅದನ್ನೇ ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ಇದೆ. ಬೆಂಗಳೂರಿನಲ್ಲಿ ಕಿದ್ವಾಯಿ ಇದ್ದರೂ ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯಿಂದ ಇಲ್ಲಿಗೆ ಬರುವವರು ಬಹಳ. ಧರ್ಮಶಾಲೆಯಲ್ಲೋ ನೆಂಟರ ಖೋಲಿಯಲ್ಲೋ ಇರುತ್ತಾರೆ, ಎಲ್ಲೂ ಆಗದವರು ಫುಟ್‌ಪಾತಿನಲ್ಲಿ. ಆ ವರ್ಷ ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತಲ್ಲ, ನಮಗೆಲ್ಲ ‘ಮನೆಯಲ್ಲೇ ಇರಿ’ ಎಂದರು. ಕ್ಯಾನ್ಸರ್ ರೋಗಿಗೆ ಮನೆಯಲ್ಲಿದ್ದರೆ ಗಡ್ಡೆಯ ಭಯ, ಹೊರಗೆ ಬಂದರೆ ಕೊರೊನಾ ಭಯ. ಕೀಮೋ ಕೊಟ್ಟ ಮೇಲೆ ರಕ್ತದಲ್ಲಿ ಬಿಳಿಕಣಗಳು ಇಳಿಯುತ್ತವೆ, ಸೋಂಕು ತಡೆಯುವ ಶಕ್ತಿ ಕುಂದುತ್ತದೆ. ಹಾಗಾಗಿ ಅವರ ಭಯ ಬರೀ ಕಲ್ಪನೆಯಲ್ಲ. ‘ಸುಮ್ಮನೆ ಹೆದರಬೇಡಿ’ ಎಂದು ಹೇಳುವ ಹಾಗೂ ಇರಲಿಲ್ಲ. ನಾನಂತೂ ಹೇಳಿದೆ.

ಡೊಂಬಿವಲಿಯಲ್ಲಿರುವ ಒಬ್ಬ ತಂಗಿ, ಹೆಸರು ಬೇಡ, ಕುಂದಾಪುರದ ಕಡೆಯವರು. ಜನವರಿಯಲ್ಲಿ ಸ್ತನದ ಆಪರೇಷನ್ ಆಗಿತ್ತು. ಮಾರ್ಚಿನಿಂದ 21 ದಿನಕ್ಕೊಮ್ಮೆ ಕೀಮೋ. ಗಂಡ ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿತ್ತು. ಲೋಕಲ್ ಟ್ರೈನಿಲ್ಲ. ಜೂನ್‌ನಲ್ಲಿ ಲೋಕಲ್ ಶುರುವಾದರೂ ಮೊದಲಿಗೆ ಅಗತ್ಯ ಸೇವೆಯ ನೌಕರರಿಗೆ ಮಾತ್ರ. ನಾವು ಕೀಮೋದ ಖರ್ಚಿನ ಒಂದು ಭಾಗವನ್ನೂ ಪರೇಲಿಗೆ ಹೋಗಿ ಬರುವ ಟ್ಯಾಕ್ಸಿ ಬಾಡಿಗೆಯನ್ನೂ ಮಂಜೂರು ಮಾಡಿದೆವು. ಹಣ ಹೋಯಿತು. ನಾನು ಫೋನ್ ಮಾಡಿ ‘ಹಣ ಮುಟ್ಟಿತಾ ಅಮ್ಮ, ರಶೀದಿ ಕಳಿಸಿ’ ಎಂದೆ. ಅವರೆಂದರು: ‘ಮುಟ್ಟಿತು ಅಣ್ಣ. ಆದರೆ ಇನ್ನು ಸಾಕು ಅನಿಸ್ತದೆ.’ ನಾನು ‘ಹಾಗೆಲ್ಲ ಹೇಳಬಾರದು, ಧೈರ್ಯ ತಗೊಳ್ಳಿ, ದೇವರಿದ್ದಾನೆ’ ಎಂದು ಹೇಳಿ ಫೋನ್ ಇಟ್ಟೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ.

ನಾಲ್ಕನೇ ಕೀಮೋದ ರಶೀದಿ ಬರಲಿಲ್ಲ. ನಾನು ಮತ್ತೆ ಫೋನ್ ಮಾಡಿದ್ದು ಆ ರಶೀದಿಗಾಗಿ, ಅದನ್ನೂ ಮುಚ್ಚಿಡುವುದಿಲ್ಲ. ಗಂಡ ಎತ್ತಿದರು. ‘ಹೋಗುವುದಿಲ್ಲ ಅಂತ ಕೂತಿದ್ದಾಳೆ, ನನ್ನ ಹತ್ತಿರವೂ ಮಾತಿಲ್ಲ’ ಎಂದರು.

ನಮ್ಮ ಸದಸ್ಯರೊಬ್ಬರ ಮಗಳು ಮನಶ್ಶಾಸ್ತ್ರ ಓದಿದವಳು, ಆಪ್ತಸಮಾಲೋಚಕಿ. ಅವಳಿಗೆ ನಂಬರು ಕೊಟ್ಟೆ. ಕುಂದಾಪುರದ ಮಾತು ಅವಳಿಗೆ ಬರುತ್ತದೆ. ಮುಕ್ಕಾಲು ಗಂಟೆ ಫೋನಿನಲ್ಲಿದ್ದಳಂತೆ, ಅದರಲ್ಲಿ ತಾನು ಮಾತಾಡಿದ್ದು ಐದು ನಿಮಿಷ ಎಂದಳು. ಆ ತಂಗಿಯ ಒಪ್ಪಿಗೆ ಪಡೆದು ನಮಗೆ ತಿಳಿಸಿದ್ದಿಷ್ಟು. ಆಸ್ಪತ್ರೆಗೆ ಹೋಗಿ ಬರುವವರು ಎಂದು ಸೊಸೈಟಿಯವರು ಲಿಫ್ಟ್ ಬಳಸಬೇಡಿ ಎಂದಿದ್ದರು. ಕೀಮೋ ಮುಗಿಸಿ ಬಂದು ನಾಲ್ಕು ಮಹಡಿ ಹತ್ತಬೇಕು. ಮಗನಿಗೆ ಎಲ್ಲಿ ಸೋಂಕು ತರುತ್ತೇನೋ ಎಂದು ಅಡಿಗೆ ಕೋಣೆಯಲ್ಲಿ ಒಬ್ಬರೇ ಮಲಗುತ್ತಿದ್ದರು. ಬೇರೆ ಕಾಲವಾಗಿದ್ದರೆ ಊರಿಂದ ಅಮ್ಮ ಬಂದು ಗಂಜಿ ಮಾಡಿ ಹಾಕುತ್ತಿದ್ದರು, ಉದುರಿದ ತಲೆ ನೋಡಿ ಒಮ್ಮೆ ಒಟ್ಟಿಗೆ ಅತ್ತು ಮುಗಿಸುತ್ತಿದ್ದರು. ಅಮ್ಮ ಬರಲು ರೈಲಿಲ್ಲ. ಇನ್ನೂ ಒಂದು. ಕೀಮೋ ಆದ ಎರಡು ಮೂರು ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ, ತನಗೆ ಹುಚ್ಚು ಹಿಡಿಯುತ್ತಿದೆ ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನಿಮ್ಮ ಮನೆಗೂ ಬೇಕಾಗಬಹುದು. ಕೀಮೋ ಜೊತೆಗೆ ವಾಂತಿ ತಡೆಯಲು ಸ್ಟೆರಾಯ್ಡ್ ಕೊಡುವುದುಂಟು. ಅದರಿಂದ ಕೆಲವರಿಗೆ ನಿದ್ದೆ ಹಾರಿಹೋಗುತ್ತದೆ, ಮನಸ್ಸು ಏರುಪೇರಾಗುತ್ತದೆ. ಡಾಕ್ಟರಿಗೆ ಹೇಳಿದರೆ ದಾರಿಯಿದೆ, ತಾನಾಗಿ ಮಾತ್ರೆ ನಿಲ್ಲಿಸಬಾರದು. ಇನ್ನು ಸುಸ್ತು, ಊಟ ಸೇರದಿರುವುದು ಕೀಮೋದಿಂದಲೂ ಆಗುತ್ತದೆ, ಖಿನ್ನತೆಯಿಂದಲೂ ಆಗುತ್ತದೆ. ಮನೆಯವರು ಎಲ್ಲವನ್ನೂ ಕೀಮೋದ ತಲೆಗೆ ಕಟ್ಟುತ್ತಾರೆ. ಪ್ರೀತಿಯ ಸಂಗತಿಯಲ್ಲೂ ಆಸಕ್ತಿ ಹೋಗಿ, ‘ಏನು ಮಾಡಿ ಏನು’ ಎಂಬ ಮಾತು ಎರಡು ವಾರ ಬಿಡದೆ ಬಂದರೆ ಡಾಕ್ಟರಿಗೆ ತಿಳಿಸಲೇಬೇಕು.

ಆ ತಂಗಿ ಡಾಕ್ಟರಿಗೆ ಹೇಳಿದರು. ಫೋನಿನಲ್ಲೇ ರೋಗಿಯನ್ನು ವಿಚಾರಿಸಲು ನಿಯಮಾವಳಿ ಅದೇ ಮಾರ್ಚ್ 25ರಂದು ಬಂದಿತ್ತು, ಹಾಗಾಗಿ ಮನೋವೈದ್ಯರೂ ಸಿಕ್ಕಿದರು. ತಪ್ಪಿದ ಕೀಮೋ ಹನ್ನೆರಡು ದಿನ ತಡವಾಗಿ ಆಯಿತು. ಉಳಿದವೂ ಆದವು. ಸೊಸೈಟಿಯ ಲಿಫ್ಟ್ ವಿಷಯ ಮಾತ್ರ ಕೊನೆಯವರೆಗೂ ಬಗೆಹರಿಯಲಿಲ್ಲ. ಗಂಡ ಪ್ರತಿ ಮಹಡಿಯಲ್ಲಿ ಒಂದು ಸ್ಟೂಲು ಇಟ್ಟುಕೊಂಡು ಹತ್ತಿಸಿದರು.

ಎಲ್ಲರಿಗೂ ಫೋನು ಸಾಲದು. ವಿಜಯಪುರ ಜಿಲ್ಲೆಯ ಹಿರಿಯರೊಬ್ಬರಿಗೆ ನಾಲಗೆಯ ಆಪರೇಷನ್ ಆಗಿತ್ತು, ಮಾತು ಬರುತ್ತಿರಲಿಲ್ಲ. ಧರ್ಮಶಾಲೆಯಲ್ಲಿ ಸುತ್ತ ಹಿಂದಿ, ಬಂಗಾಳಿ. ಅವರಿಗೂ ನಮಗೂ ಒಂದು ಒಪ್ಪಂದವಾಯಿತು: ಬೆಳಿಗ್ಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಚೆನ್ನಾಗಿದ್ದೇನೆ ಎಂದು, ಎರಡು ಕೊಟ್ಟರೆ ಮಗನಿಗೆ ಫೋನ್ ಮಾಡಿ ಎಂದು. ಒಂದು ದಿನ ಏಳು ಬಂತು. ಗಾಬರಿಯಾಗಿ ಮಗನಿಗೆ ಫೋನ್ ಮಾಡಿದರೆ, ಮೂಗಿನ ನಳಿಗೆ ತೆಗೆದಿದ್ದಾರೆ, ಗಂಜಿ ಕುಡಿದರು, ಅದನ್ನು ನಿಮಗೆ ಹೇಳಬೇಕಿತ್ತಂತೆ ಎಂದ! ಮುಂದಿನ ವರ್ಷ ಅವರು ತೀರಿಕೊಂಡರು. ಆ ನಂಬರು ನನ್ನ ಫೋನಿನಲ್ಲಿ ಇನ್ನೂ ಇದೆ.

ಈಗ ನಮ್ಮ ಅರ್ಜಿಗೆ ಒಂದು ಪುಟ ಸೇರಿಸಿದ್ದೇವೆ. ಜೊತೆಗೆ ಯಾರಿದ್ದಾರೆ, ಯಾವ ಭಾಷೆಯಲ್ಲಿ ಮಾತಾಡಬೇಕು, ನಿದ್ದೆ ಬರುತ್ತದೆಯೆ. ಮತ್ತೆ ಒಂದು ಥರ್ಮಾಮೀಟರಿನ ಚಿತ್ರ, ಸೊನ್ನೆಯಿಂದ 10ರವರೆಗೆ. ಕಳೆದ ವಾರ ಮನಸ್ಸಿನ ಸಂಕಟ ಎಷ್ಟಿತ್ತು ಎಂದು ಗುರುತು ಹಾಕಬೇಕು. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಕ್ರಮವೇ ಇದು, ನಮ್ಮ ಶೋಧವಲ್ಲ. 4 ಅಥವಾ ಹೆಚ್ಚು ಬಂದರೆ ಆಪ್ತಸಮಾಲೋಚಕಿಗೆ ತಿಳಿಸುತ್ತೇವೆ. ರಾತ್ರಿ ಹೊತ್ತಿಗೆ ಸರಕಾರದ ಟೆಲಿ ಮಾನಸ್ ಇದೆ, ನಂಬರು 14416, ಕನ್ನಡದಲ್ಲೂ ಮಾತಾಡಬಹುದು, ಖರ್ಚಿಲ್ಲ.

ಸಮಿತಿಯಲ್ಲೇ ಕೆಲವರು ಕೇಳಿದರು, ಮಾತಿಗೆಲ್ಲ ಹಣ ಯಾಕೆ, ಅದೇ ಹಣದಲ್ಲಿ ಇನ್ನೊಬ್ಬರ ಔಷಧಿ ಆಗುತ್ತಿತ್ತಲ್ಲ ಎಂದು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಬ್ಯಾಂಕಿನವನ ಉತ್ತರ: ನಾವು ಹಣ ಕೊಟ್ಟ ಆ ನಾಲ್ಕನೇ ಕೀಮೋ, ಆ ಫೋನ್ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ.

ಬಾಗಿಲ ಹತ್ತಿರದ ಮೇಜಿನ ಮೇಲೆ ಎರಡು ಪುಸ್ತಕ ಇಟ್ಟಿದ್ದೇವೆ. ಒಂದು ರಶೀದಿ ಪುಸ್ತಕ. ಸಮಾಲೋಚಕಿಯ ಗೌರವಧನ, ರೋಗಿಯ ಜೊತೆ ಬರುವವರ ಪ್ರಯಾಣ, ಇವಕ್ಕೆಂದೇ ಬರೆಸಬಹುದು. ಇನ್ನೊಂದು ಸಾದಾ ನೋಟುಪುಸ್ತಕ. ಕನ್ನಡವೋ ತುಳುವೋ ಕೊಂಕಣಿಯೋ ನಿಮ್ಮ ಭಾಷೆ, ವಾರದಲ್ಲಿ ಯಾವ ಸಂಜೆ ಅರ್ಧ ಗಂಟೆ ಬಿಡುವಿದೆ, ಫೋನ್ ನಂಬರು, ಇಷ್ಟು ಬರೆಯಿರಿ. ಹೇಗೆ ಕೇಳಬೇಕು, ಏನು ಹೇಳಬಾರದು ಎಂಬುದನ್ನು ಒಂದು ಭಾನುವಾರ ಕೂರಿಸಿ ಹೇಳಿಕೊಡುತ್ತಾರೆ. ನಾನೂ ಆ ಪಾಠಕ್ಕೆ ಕೂತಿದ್ದೆ, ಎರಡು ಸಲ. ಪೆನ್ನು ದಾರದಲ್ಲಿ ಕಟ್ಟಿದೆ, ದಯವಿಟ್ಟು ಕೊಂಡುಹೋಗಬೇಡಿ.