ಮಕ್ಕಳ ಕೈಗೆಲಸ ಹೊಲಕ್ಕೂ ನೆರವು
(ಸವಣೂರು ತಾಲೂಕಿನ ರೈತ ಕುಟುಂಬಗಳು ಹಾಗೂ ವಿಸ್ತರಣಾ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಈ ಸೀಮೆಯ ಮನೆಮನೆಯಲ್ಲೂ ಒಂದು ಜೋಡಿ ಮಣ್ಣಿನ ಎತ್ತು, ಅವುಗಳ ಮುಂದೆ ಒಂದು ಗೋದಲಿ ಇಟ್ಟು ಪೂಜೆ ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ. ಜೋಳದ ದಂಟು ಸಿಕ್ಕರೆ ಸಾಕು, ಅದರ ಸಿಬರು ಮತ್ತು ಬೆಂಡಿನಿಂದ ಚಕ್ಕಡಿ, ನೊಗ, ಕೂರಿಗೆ ಮಾಡುವ ಹುಡುಗರು ಹಿಂದೆ ಪ್ರತಿ ಓಣಿಯಲ್ಲಿಯೂ ಇದ್ದರು. ಈ ಕೆಲಸಗಳಿಗೆ ಯಾರೂ ಶಿಕ್ಷಣವೆಂದು ಹೆಸರಿಡಲಿಲ್ಲ. ಆದರೆ ಯಾವ ಮಣ್ಣು ಹದಕ್ಕೆ ಬರುತ್ತದೆ, ಎಷ್ಟು ನೀರು ಹಿಡಿಯುತ್ತದೆ, ನೊಗಕ್ಕೂ ಈಸಿಗೂ ಅಳತೆ ಹೇಗೆ ಕೂಡಬೇಕು ಎಂಬುದನ್ನು ಮಗುವಿನ ಕೈ ತಾನಾಗಿಯೇ ಕಲಿಯುತ್ತಿತ್ತು.

ಇಂದು ಬಣ್ಣ ಬಳಿದ ಎತ್ತುಗಳು ಸಂತೆಯಲ್ಲಿ ಸಿದ್ಧವಾಗಿ ಸಿಗುತ್ತವೆ. ಹಬ್ಬವಂತೂ ನಡೆಯುತ್ತದೆ, ಆದರೆ ಮಗುವಿನ ಕೈಗೆ ಮಣ್ಣು ಹತ್ತುವುದಿಲ್ಲ. ಶಾಲೆಗೆ ಹೋಗುವ ಮಗ ಹೊಲದ ಕಡೆ ಬಂದರೆ "ನಿನಗೇಕೆ ಈ ಕೆಲಸ, ಓದಿಕೋ ಹೋಗು" ಎಂದು ಹಿರಿಯರೇ ಕಳಿಸುತ್ತಾರೆ. ಹೀಗೆ ಪುಸ್ತಕ ಒಂದು ದಾರಿ, ಹೊಲ ಇನ್ನೊಂದು ದಾರಿ ಹಿಡಿದಿವೆ. ಗಾಂಧೀಜಿಯವರು 1937 ರಲ್ಲಿ ವಾರ್ಧಾದಲ್ಲಿ ಮಂಡಿಸಿದ ಮೂಲಶಿಕ್ಷಣದ ಯೋಜನೆಯಲ್ಲಿ ಕೈಕಸುಬನ್ನೇ ಕಲಿಕೆಯ ನಡುವೆ ಇಟ್ಟಿದ್ದರು. ಕೈಗೆಲಸ ಬಿಡುವಿನ ಆಟವಲ್ಲ, ಅದರ ಮೂಲಕವೇ ಲೆಕ್ಕ, ವಿಜ್ಞಾನ, ಭಾಷೆ ಬರಬೇಕೆಂಬುದು ಅದರ ತಿರುಳು.

ಆದುದರಿಂದ ಮನೆಯಲ್ಲಿ ಬಿದ್ದಿರುವ ಸಾಮಾನುಗಳಿಂದ ಮಕ್ಕಳು ಮಾಡಬಹುದಾದ, ಹೊಲದ ಕೆಲಸಕ್ಕೂ ಉಪಯೋಗವಾಗುವ ನಾಲ್ಕು ಕೈಗೆಲಸಗಳನ್ನು ಇಲ್ಲಿ ವಿವರಿಸಲಾಗಿದೆ. ಇವುಗಳಿಗೆ ಖರ್ಚು ಇಲ್ಲವೆಂದೇ ಹೇಳಬಹುದು.

1. ಮೂರು ಮಣ್ಣಿನ ಎತ್ತು

ಈ ಭಾಗದಲ್ಲಿ ಎರೆ ಭೂಮಿಯೂ ಇದೆ, ಮಸಾರಿ ಭೂಮಿಯೂ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳಿಂದ ಒಂದೇ ಮಣ್ಣಿನ ಎತ್ತು ಮಾಡಿಸುವ ಬದಲು ಎರೆ ಮಣ್ಣಿನದೊಂದು, ಮಸಾರಿ ಮಣ್ಣಿನದೊಂದು, ಎರಡೂ ಬೆರೆಸಿದ್ದೊಂದು ಎತ್ತು ಮಾಡಿಸಬೇಕು. ಪ್ರತಿ ಎತ್ತಿನೊಂದಿಗೆ ಅದೇ ಹದದ ಮಣ್ಣಿನಿಂದ ಬೆರಳು ಗಾತ್ರದ, ಸರಿಯಾಗಿ 10 ಸೆಂಟಿಮೀಟರ್ ಉದ್ದದ ಒಂದು ಕಡ್ಡಿಯನ್ನೂ ಹೊಸೆದು ನೆರಳಿನಲ್ಲಿ ಒಣಗಿಸಬೇಕು.

ಪೂರ್ತಿ ಒಣಗಿದ ಮೇಲೆ ಮೂರೂ ಕಡ್ಡಿಗಳನ್ನು ಮತ್ತೆ ಅಳೆಯಲಿ. 10 ಸೆಂಟಿಮೀಟರಿನ ಕಡ್ಡಿ 9 ಕ್ಕೆ ಇಳಿದಿದ್ದರೆ ಆ ಮಣ್ಣು ನೂರಕ್ಕೆ ಹತ್ತರಷ್ಟು ಕುಗ್ಗಿದೆ ಎಂದು ಮಗುವೇ ಲೆಕ್ಕ ಹಾಕುತ್ತದೆ. ಎರೆ ಮಣ್ಣು ಸುಲಭವಾಗಿ ಆಕಾರಕ್ಕೆ ಬರುತ್ತದೆ, ಆದರೆ ಒಣಗುವಾಗ ಹೆಚ್ಚು ಕುಗ್ಗಿ ಬಿರುಕು ಬಿಡುತ್ತದೆ. ಮರಳಿನ ಅಂಶ ಹೆಚ್ಚಿರುವ ಮಸಾರಿ ಮಣ್ಣು ಕುಗ್ಗುವುದು ಕಡಿಮೆ, ಆದರೆ ಎತ್ತಿನ ಕೋಡು ನಿಲ್ಲದೆ ಉದುರುತ್ತದೆ. ಕುಂಬಾರರು ಜಿಗುಟು ಮಣ್ಣಿಗೆ ಮರಳು ಸೇರಿಸಿ ತುಳಿಯುವುದೇಕೆಂದು ಬೆರಕೆ ಮಣ್ಣಿನ ಎತ್ತು ತೋರಿಸಿಕೊಡುತ್ತದೆ.

ಎತ್ತಿನ ಮೈಮೇಲೆ ಕಂಡ ಬಿರುಕೇ ಹೊಲದಲ್ಲಿಯೂ ಕಾಣುತ್ತದೆ. ಮಳೆ ಹಿಂದೆಗೆದಾಗ ಎರೆ ಹೊಲ ಬಾಯಿ ಬಿಡುತ್ತದೆ, ಆ ಬಿರುಕಿನಿಂದ ಆಳದ ತೇವವೂ ಆರಿಹೋಗುತ್ತದೆ. ಎಡೆ ಹೊಡೆದರೆ ಮೇಲ್ಮಣ್ಣು ಸಡಿಲಾಗಿ ಬಿರುಕು ಮುಚ್ಚುತ್ತದೆ. ಅಜ್ಜ ಕಳೆ ಇಲ್ಲದಿದ್ದರೂ ಎಡೆಕುಂಟೆ ಹೊಡೆಸುವುದೇಕೆ ಎಂಬ ಪ್ರಶ್ನೆಗೆ ಮಗು ಈಗ ತಾನೇ ಉತ್ತರ ಹೇಳಬಲ್ಲದು.

ಇದನ್ನೇ ಇನ್ನೊಂದು ರೀತಿಯಲ್ಲಿಯೂ ನೋಡಬಹುದು. ಬಿಳಿ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಪುಡಿ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಬಟ್ಟೆ ಸೋಪಿನ ಪುಡಿ ಸೇರಿಸಿ ಚೆನ್ನಾಗಿ ಅಲುಗಾಡಿಸಿ ನೆಲದ ಮೇಲಿಡಬೇಕು. ಮರಳು ಒಂದೆರಡು ನಿಮಿಷದಲ್ಲಿಯೇ ತಳ ಸೇರುತ್ತದೆ. ಅದರ ಮೇಲೆ ನಯವಾದ ಗೋಡು ಕೆಲವು ಗಂಟೆಗಳಲ್ಲಿ ಕೂಡುತ್ತದೆ. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದಾದ್ದರಿಂದ ಅದು ಪೂರ್ತಿ ಇಳಿಯಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಪದರುಗಳನ್ನು ಅಳತೆ ಪಟ್ಟಿಯಿಂದ ಅಳೆದು ಬರೆದಿಟ್ಟರೆ ಎರಡು ಹೊಲಗಳ ಮಣ್ಣನ್ನು ಹೋಲಿಸಬಹುದು. ಇದರಿಂದ ಮಣ್ಣಿನ ಕಣರಚನೆ ತಿಳಿಯುತ್ತದೆಯೇ ಹೊರತು ಪೋಷಕಾಂಶ ತಿಳಿಯುವುದಿಲ್ಲ. ಅದಕ್ಕೆ ಮಣ್ಣು ಪರೀಕ್ಷೆಯನ್ನೇ ಮಾಡಿಸಬೇಕು.

2. ಬೀಜದ ಅರಿವೆ ಸುರುಳಿ

ನವರಾತ್ರಿಯಲ್ಲಿ ಘಟ್ಟ ಹಾಕಿ, ಮಣ್ಣಿನಲ್ಲಿ ಕಾಳು ಬಿತ್ತಿ, ಒಂಬತ್ತು ದಿನ ನೀರು ಚಿಮುಕಿಸಿ ಮೊಳಕೆ ನೋಡುವ ಪದ್ಧತಿ ಇಲ್ಲಿಯ ಅನೇಕ ಮನೆಗಳಲ್ಲಿ ಇದೆ. ಅದಾದ ಮೇಲೆಯೇ ಹಿಂಗಾರಿ ಬಿತ್ತಿಗೆ ಬಿರುಸಾಗುತ್ತದೆ. ಮನೆಯ ಬೀಜ ಹುಟ್ಟುತ್ತದೋ ಇಲ್ಲವೋ ಎಂದು ನೋಡಲು ಅದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಯಾವುದಿದೆ? ಮುಂಗಾರಿಗೂ ಇದೇ ಕೆಲಸವನ್ನು ಎಣಿಕೆಯೊಂದಿಗೆ ಮಾಡಬೇಕು.

ಬೇಕಾಗುವ ಸಾಮಗ್ರಿ: ತೊಳೆದ ಹಳೆಯ ಧೋತರದ ಎರಡು ತುಂಡು, ಒಂದು ಅಗಲವಾದ ಪಾತ್ರೆ, ನೂರು ಕಾಳು.

ವಿಧಾನ: ಚೀಲದ ಮೇಲೆ, ನಡುವೆ, ತಳದಲ್ಲಿ ಕೈಹಾಕಿ ಕಾಳು ತೆಗೆದು ಬೆರೆಸಿ, ಒಳ್ಳೆಯದು ಕೆಟ್ಟದ್ದು ಎಂದು ಆರಿಸದೆ ನೂರು ಕಾಳು ಎಣಿಸಬೇಕು. ಮಕ್ಕಳು ಚೆಂದದ ಕಾಳನ್ನೇ ಆರಿಸುವುದುಂಟು, ಹಾಗೆ ಮಾಡಿದರೆ ಪರೀಕ್ಷೆ ಸುಳ್ಳಾಗುತ್ತದೆ. ಅರಿವೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಹಾಸಿ, ಹತ್ತು ಸಾಲಿನಲ್ಲಿ ಹತ್ತತ್ತು ಕಾಳು ಇಡಬೇಕು. ಮೇಲೆ ಇನ್ನೊಂದು ಒದ್ದೆ ಅರಿವೆ ಮುಚ್ಚಿ, ಸಡಿಲಾಗಿ ಸುತ್ತಿ, ಪಾತ್ರೆಯಲ್ಲಿ ನಿಲ್ಲಿಸಿ ನೆರಳಿನಲ್ಲಿಡಬೇಕು. ತೇವ ಆರದಂತೆ ನೀರು ಚಿಮುಕಿಸಬೇಕು, ಆದರೆ ನೀರು ನಿಲ್ಲಬಾರದು. ಗೋವಿನ ಜೋಳವನ್ನು 7 ದಿನಕ್ಕೆ, ಸೋಯಾ ಅವರೆಯನ್ನು 8 ದಿನಕ್ಕೆ, ಶೇಂಗಾವನ್ನು 10 ದಿನಕ್ಕೆ ಬಿಚ್ಚಿ ಎಣಿಸಬೇಕು. ಬೇರು, ಕುಡಿ ಎರಡೂ ಗಟ್ಟಿಯಾಗಿ ಬಂದಿರುವ ಸಸಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಪ್ರಮಾಣಿತ ಬೀಜದಲ್ಲಿ ಸೋಯಾ ಅವರೆ ಮತ್ತು ಶೇಂಗಾಕ್ಕೆ ನೂರಕ್ಕೆ ಕನಿಷ್ಠ 70, ಸಂಕರಣ ಗೋವಿನ ಜೋಳಕ್ಕೆ 90 ಮೊಳಕೆ ಇರಬೇಕೆಂಬ ನಿಯಮವಿದೆ. ಸೋಯಾ ಬೀಜದ ಸಿಪ್ಪೆ ಬಹಳ ತೆಳು. ಒಕ್ಕಣೆಯ ಪೆಟ್ಟಿಗೆ, ಚೀಲ ಎತ್ತಿ ಒಗೆಯುವುದಕ್ಕೆ, ಬೇಸಿಗೆಯ ಕಾವಿಗೆ ಅದರ ಮೊಳೆಯುವ ಶಕ್ತಿ ಬೇಗ ಕುಗ್ಗುತ್ತದೆ. ನೋಡಲು ಚಿನ್ನದಂತಿರುವ ಕಾಳು ಒಳಗೆ ಸತ್ತಿರಬಹುದು. ಮಗು ಸುರುಳಿ ಬಿಚ್ಚಿ 56 ಎಂದು ಹೇಳಿತೆನ್ನೋಣ. ಮೊಳಕೆ 70 ಇದ್ದಾಗ ಎಕರೆಗೆ 25 ಕಿಲೋ ಬಿತ್ತುವವರು ಈಗ 25 ನ್ನು 70 ರಿಂದ ಗುಣಿಸಿ 56 ರಿಂದ ಭಾಗಿಸಬೇಕು. 31 ಕಿಲೋ ಚಿಲ್ಲರೆ ಬರುತ್ತದೆ. ಇದು ಶಾಲೆಯಲ್ಲಿ ಕಲಿತ ತ್ರೈರಾಶಿಯೇ. ಎಣಿಕೆ 50 ಕ್ಕಿಂತ ಕೆಳಗಿದ್ದರೆ ಆ ಬೀಜ ಬಿಟ್ಟು ಬೇರೆ ಬೀಜ ಹುಡುಕುವುದು ಲೇಸು. ಬಿತ್ತಿದ ಮೇಲೆ ಹೊಲ ಬೋಳಾಗಿ ಕಂಡರೆ ಬೀಜ, ಗೊಬ್ಬರ, ಕೂಲಿಯ ಜೊತೆಗೆ ಒಂದು ಹದ ಮಳೆಯೂ ಹೋಯಿತು. ಬೀಜವನ್ನು ಮತ್ತೆ ಕೊಳ್ಳಬಹುದು, ಹೋದ ಹದವನ್ನು ಕೊಳ್ಳಲಾಗದು.

ಒಂದು ಎಚ್ಚರಿಕೆ: ಔಷಧಿ ಲೇಪಿಸಿದ, ಬಣ್ಣ ಹಾಕಿದ ಬೀಜವನ್ನು ಮಕ್ಕಳ ಕೈಗೆ ಕೊಡಲೇಬಾರದು. ಬೀಜೋಪಚಾರಕ್ಕೆ ಮೊದಲಿನ ಮನೆಯ ಬೀಜವನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಕು.

3. ಮಳೆ ಅಳೆಯುವ ಬಾಟಲಿ

ಬೇಕಾಗುವ ಸಾಮಗ್ರಿ: ನೆಟ್ಟಗಿನ ಮೈಯುಳ್ಳ ಒಂದು ಇಲ್ಲವೆ ಎರಡು ಲೀಟರಿನ ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿ, ಸಣ್ಣ ಹರಳು, ಅಳತೆ ಪಟ್ಟಿ.

ವಿಧಾನ: ಬಾಟಲಿಯ ಹೆಗಲು ಇಳಿಜಾರಾಗಲು ತೊಡಗುವಲ್ಲಿ ಹಿರಿಯರು ಕತ್ತರಿಸಿಕೊಡಬೇಕು. ಮೇಲಿನ ತುಂಡನ್ನು ಬೋರಲಾಗಿ ಒಳಗೆ ಕೂಡಿಸಿದರೆ ಅದೇ ಆಲಿಕೆಯಾಗುತ್ತದೆ, ನೀರು ಆವಿಯಾಗುವುದೂ ತಗ್ಗುತ್ತದೆ. ಬಾಟಲಿಯ ತಳ ಏರುತಗ್ಗಾಗಿರುವುದರಿಂದ ಹರಳು ಹಾಕಿ, ಅವು ಮುಳುಗಿ ಮೈ ನೆಟ್ಟಗಾಗುವವರೆಗೆ ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಎಂದು ಗುರುತು ಮಾಡಬೇಕು. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಗೆರೆಗಳನ್ನು ಎಳೆಯಬೇಕು. ಮನೆ, ಮರಗಳಿಂದ ಅವುಗಳ ಎತ್ತರದ ಎರಡರಷ್ಟು ದೂರದ ಬಯಲಿನಲ್ಲಿ ಅಲುಗಾಡದಂತೆ ನಿಲ್ಲಿಸಬೇಕು.

ಪ್ರತಿದಿನ ಮುಂಜಾನೆ ಎಂಟೂವರೆಗೆ ಓದಿ, ಬರೆದು, ನೀರನ್ನು ಮತ್ತೆ ಸೊನ್ನೆಗೆ ತರಬೇಕು. ದೇಶದ ಹವಾಮಾನ ಕೇಂದ್ರಗಳು ಮಳೆ ಓದುವುದೂ ಇದೇ ಹೊತ್ತಿಗೆ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಎಕರೆಗೆ ಸುಮಾರು 4,000 ಲೀಟರ್. ಆದುದರಿಂದ 25 ಮಿಲಿಮೀಟರ್ ಮಳೆಯಾದರೆ ಒಂದು ಎಕರೆಯ ಮೇಲೆ ಒಂದು ಲಕ್ಷ ಲೀಟರ್ ನೀರು ಬಿದ್ದಂತಾಯಿತು. ಅದರಲ್ಲಿ ಹೊಲ ಕುಡಿದದ್ದೆಷ್ಟು, ಹರಿದುಹೋದದ್ದೆಷ್ಟು? ಅದೇ ಮುಂಜಾನೆ ಕುರ್ಚಿಗೆಯಿಂದ ಹೊಲ ಅಗೆದು ತೇವ ಎಷ್ಟು ಬೆರಳು ಇಳಿದಿದೆ ಎಂದೂ ಮಗು ಬರೆದಿಡಲಿ. ಮಸಾರಿಯಲ್ಲಿ ಎಷ್ಟು, ಎರೆಯಲ್ಲಿ ಎಷ್ಟು ಎಂದು ಎರಡು ಕಾಲಂ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಬಿತ್ತಿಗೆಯ ಹದವನ್ನು ಊಹೆಯಿಂದ ಹೇಳುವ ಬದಲು ಅಳತೆಯಿಂದ ಹೇಳಬಹುದು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ. ಆದರೆ ಮುಂಗಾರಿಯ ಗುಡುಗು ಮಳೆ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲಕ್ಕೆ ಬೀಳದಿರುವುದುಂಟು. ಮಗುವಿನ ಬಾಟಲಿ ಸರಕಾರದ ದಾಖಲೆಯಾಗದಿದ್ದರೂ ಸ್ವಂತ ಹೊಲದ ದಾಖಲೆಯಾಗುತ್ತದೆ.

4. ಮೂವತ್ತಮೂರು ಅಡಿ ಹಗ್ಗ

ಹಳೆಯ ಸೀರೆಯ ಅಂಚು ಅಥವಾ ಗೋಣಿಯ ನಾರಿನಿಂದ ಹಗ್ಗ ಹೊಸೆದು, ಅಡಿಗೊಂದು ಗಂಟು ಹಾಕಿ, 33 ಅಡಿ ಮಾಡಬೇಕು. ಉದ್ದ 33, ಅಗಲ 33 ಆದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಮೂಲೆ ಕಾಟಕೋನವಾಗಲು ಇದೇ ಹಗ್ಗದ 12 ಅಡಿಯನ್ನು 3, 4, 5 ಅಡಿಯ ಮೂರು ಬದಿಗಳಾಗಿ ಮೂವರು ಮಕ್ಕಳು ಬಿಗಿದು ಹಿಡಿದರೆ ಸಾಕು. 3 ಮತ್ತು 4 ರ ಬದಿಗಳು ಕೂಡುವ ಮೂಲೆಯೇ ಕಾಟಕೋನ.

ಗೋವಿನ ಜೋಳವನ್ನು 60 x 20 ಸೆಂಟಿಮೀಟರ್ ಅಂತರದಲ್ಲಿ ಬಿತ್ತಿದ್ದರೆ ಒಂದು ಗುಂಟೆಯಲ್ಲಿ ಸುಮಾರು 840 ಗಿಡ ಇರಬೇಕು. ಮಕ್ಕಳು 600 ಎಣಿಸಿದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಗಿಡ ಇಲ್ಲವೆಂದು ಅರ್ಥ. ಬೀಜ ಹುಟ್ಟಲಿಲ್ಲವೋ, ಹಕ್ಕಿ ಆರಿಸಿತೋ, ಕೂರಿಗೆಯ ಬಟ್ಟಲಲ್ಲಿ ಕೈ ತಪ್ಪಿತೋ ಎಂದು ವಾರದೊಳಗೆ ನೋಡಿಕೊಂಡರೆ ತೆರವು ತುಂಬಲು ಇನ್ನೂ ಕಾಲವಿರುತ್ತದೆ.

ಇದೇ ಹಗ್ಗದಿಂದ ಸವಣೂರಿನ ದೊಡ್ಡಹುಣಸೆ ಮಠದ ಮರಗಳ ಸುತ್ತಳತೆಯನ್ನೂ ಶಾಲೆಯ ಮಕ್ಕಳು ಅಳೆಯಬಹುದು. ಸುತ್ತಳತೆಯನ್ನು 3.14 ರಿಂದ ಭಾಗಿಸಿದರೆ ಅಡ್ಡಳತೆ ಸಿಗುತ್ತದೆ. ಆಫ್ರಿಕಾ ಮೂಲದ ಆ ಮೂರು ಮರಗಳಲ್ಲಿ ಒಂದು 2023 ರ ಮಳೆಗಾಲದಲ್ಲಿ ಉರುಳಿತು, ಅದನ್ನು ಎತ್ತಿ ಮತ್ತೆ ನೆಡಲಾಯಿತು. ಇಂತಹ ಮರಗಳ ಅಳತೆಯನ್ನು ವರ್ಷಕ್ಕೊಮ್ಮೆ ಶಾಲೆಯ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನವರಿಗೆ ಅದೇ ಒಂದು ಆಸ್ತಿ.

ಎಲ್ಲರೂ ನೆನಪಿಡಬೇಕಾದ ಮಾತು

ಯಾವ ಕೈಗೆಲಸಕ್ಕೂ ಕೀಟನಾಶಕ, ಕಳೆನಾಶಕಗಳ ಖಾಲಿ ಡಬ್ಬಿ, ಬಾಟಲಿಗಳನ್ನು ಬಳಸಬಾರದು. ಎಷ್ಟು ತೊಳೆದರೂ ವಿಷದ ಅಂಶ ಉಳಿಯುತ್ತದೆ. ಅವು ಮಕ್ಕಳ ಕೈಗೆ ಸಿಗುವಂತೆ ಬದುವಿನ ಮೇಲೆ, ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದರೆ ಇಂದೇ ತೆಗೆಯಬೇಕು.

ವಿಸ್ತರಣಾ ಕಾರ್ಯಕರ್ತರು ರೈತರ ಸಭೆಯಲ್ಲಿ ಬೀಜ ಪರೀಕ್ಷೆ ಮಾಡಿರೆಂದು ಹೇಳಿ ಬರುವುದರ ಜೊತೆಗೆ ಊರಿನ ಶಾಲೆಗೂ ಒಮ್ಮೆ ಹೋಗಬೇಕು. ಬೇಸಿಗೆ ರಜೆಗೆ ಮೊದಲು ಸುರುಳಿಯ ವಿಧಾನವನ್ನು ಹಾಕಿ ತೋರಿಸಿದರೆ ಮೇ ತಿಂಗಳಿನಲ್ಲಿ ಓಣಿ ಓಣಿಯಲ್ಲಿ ಅರಿವೆ ಬಿಚ್ಚುವ ಮಕ್ಕಳು ಇರುತ್ತಾರೆ. ಎಣಿಕೆಯಲ್ಲಿ ಸಂಶಯ ಬಂದರೆ ಜಿಲ್ಲೆಯ ಹನುಮನಮಟ್ಟಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯಬಹುದು.

ತಂದೆತಾಯಂದಿರಲ್ಲಿ ಒಂದೇ ವಿನಂತಿ. ಮಗು ಮಾಡಿದ ಲೆಕ್ಕವನ್ನು ನಿಜವಾಗಿ ಬಳಸಬೇಕು. ಮಗಳು ಎಣಿಸಿ "ಐವತ್ತಾರು" ಎಂದಾಗ "ಆಟ ಸಾಕು, ಏಳು" ಎಂದುಬಿಟ್ಟರೆ ಅದು ಆಟವಾಗಿಯೇ ಉಳಿಯುತ್ತದೆ. ಬೀಜದ ಚೀಲದ ಮೇಲೆ ಆ ಅಂಕಿಯನ್ನು ಬರೆದು, ಅದರಂತೆ ಬೀಜ ಹೆಚ್ಚಿಸಿ ಬಿತ್ತಿದರೆ, ತನ್ನ ಓದು ಮನೆಯ ಅನ್ನಕ್ಕೆ ಬೇಕಾದದ್ದು ಎಂದು ಆಕೆಗೆ ತಿಳಿಯುತ್ತದೆ. ಮುಂದೆ ಆಕೆ ಹೊಲದಲ್ಲಿ ಉಳಿಯಲಿ, ಬೇರೆ ಉದ್ಯೋಗ ಹಿಡಿಯಲಿ, ಕಂಡದ್ದನ್ನು ಅಳೆದು ನೋಡಿ ಮಾತನಾಡುವ ಬುದ್ಧಿ ಆಕೆಯ ಜೊತೆಗೇ ಇರುತ್ತದೆ. ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಸಂತೆಯಿಂದ ಎತ್ತು ತರುವ ಬದಲು ಮಕ್ಕಳ ಮುಂದೆ ಮೂರು ಬೊಗಸೆ ಮಣ್ಣು ಇಡಿರಿ. ಮೊದಲ ಪಾಠ ಅಲ್ಲಿಂದಲೇ ಶುರುವಾಗಲಿ.