ಹಾಡುತ್ತಲೇ ಹಾಡು ಕಟ್ಟುವ ನೀಲಗಾರರು



ಕೃಷ್ಣರಾಜನಗರ ಸೀಮೆಯಲ್ಲಿ ಕಾವೇರಿ ದಡದ ಮೇಲೆ ಕಪ್ಪಡಿ ಎಂಬ ಕ್ಷೇತ್ರವಿದೆ. ರಾಚಪ್ಪಾಜಿ ಮತ್ತು ಚೆನ್ನಾಜಮ್ಮನವರ ಗದ್ದುಗೆ ಇರುವುದು ಅಲ್ಲಿಯೇ. ಶಿವರಾತ್ರಿಗೆ ಜಾತ್ರೆ ಮೊದಲಾಯಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಒಕ್ಕಲುಗಳೂ ಅಲ್ಲಿಗೆ ಬರುತ್ತವೆ. ಅಲ್ಲಿ ತಂಬೂರಿ, ಗಗ್ಗರ, ಡಕ್ಕೆ, ತಾಳ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವವರೇ ನೀಲಗಾರರು.

ನೀಲಗಾರನಾಗುವುದು ಕೇವಲ ಹಾಡು ಕಲಿಯುವುದಲ್ಲ. ಗುರುವಿನಿಂದ ದೀಕ್ಷೆ ಪಡೆದು ಒಕ್ಕಲಿನ ಮಗನಾಗುವುದು. ಕಲಿಯುವವನು ಮೊದಲು ಹಿಮ್ಮೇಳದಲ್ಲಿ ನಿಂತು ಸೊಲ್ಲು ಹಿಡಿಯುತ್ತಾನೆ. ಕೇಳಿ ಕೇಳಿ ಕಥೆ ಮೈಗೂಡಿದ ಮೇಲೆ ಮುಮ್ಮೇಳಕ್ಕೆ ಬರುತ್ತಾನೆ. ಮನೆಮನೆಯ ಭಿಕ್ಷೆ, ಹರಕೆ ಹೊತ್ತವರ ಮನೆಯಲ್ಲಿ ರಾತ್ರಿಯಿಡೀ ಕಥೆ, ಉಳಿದ ದಿನ ಕೂಲಿ, ಬೇಸಾಯ: ಇದು ಬಹುಮಂದಿ ನೀಲಗಾರರ ಬದುಕು.

ಅವರು ಹಾಡುವ ಕಾವ್ಯ ಹಲವು ಸಾಲುಗಳಾಗಿ ಹರಡಿದೆ. ‘ಸಾಲು’ ಎಂದರೆ ಇಲ್ಲಿ ಒಂದು ಪಂಕ್ತಿಯಲ್ಲ, ಒಂದು ಇಡೀ ಕಥಾಭಾಗ. ಕುಷ್ಠರೋಗಿಯ ರೂಪದಲ್ಲಿ ಕಲ್ಯಾಣಕ್ಕೆ ಹೋಗಿ ಮಂಟೇಸ್ವಾಮಿ ಶರಣರನ್ನು ಪರೀಕ್ಷಿಸುವುದು ಒಂದು ಭಾಗ. ಕಮ್ಮಾರರ ಹುಡುಗ ಕೆಂಪಾಚಾರಿ ಸಿದ್ದಪ್ಪಾಜಿಯಾಗಿ, ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡುವುದು ಇನ್ನೊಂದು.

ಇಷ್ಟು ದೊಡ್ಡ ಕಾವ್ಯವನ್ನು ಅಕ್ಷರ ಬಾರದವರೂ ಹೇಗೆ ಬಾಯಿಪಾಠ ಮಾಡಿದರು ಎಂದು ನಾವು ಬೆರಗಾಗುತ್ತೇವೆ. ಪ್ರಶ್ನೆಯೇ ತಪ್ಪು. ಅವರು ಬಾಯಿಪಾಠ ಒಪ್ಪಿಸುವುದಿಲ್ಲ. ಕಥೆಯ ಜಾಡು, ಮತ್ತೆ ಮತ್ತೆ ಬರುವ ನುಡಿಗಟ್ಟು, ಲಯ ಇವಿಷ್ಟು ಅವರ ಬಂಡವಾಳ. ಮಿಕ್ಕಿದ್ದನ್ನು ಅವರು ಹಾಡುತ್ತಲೇ ಕಟ್ಟುತ್ತಾರೆ. ಕೇಳುವವರಲ್ಲಿ ಉತ್ಸಾಹವಿದ್ದರೆ ಕುಲುಮೆಯ ವರ್ಣನೆ ಬೆಳೆಯುತ್ತದೆ. ತಿದಿ, ಇಕ್ಕಳ, ಅಡಿಗಲ್ಲು ಎಲ್ಲವೂ ಕಣ್ಣ ಮುಂದೆ ನಿಲ್ಲುತ್ತವೆ. ಕೋಳಿ ಕೂಗುವ ಹೊತ್ತಾದರೆ ಅದೇ ಭಾಗ ಚಿಕ್ಕದಾಗುತ್ತದೆ.

ಇದನ್ನು ಲೋಕಕ್ಕೆ ಸ್ಪಷ್ಟವಾಗಿ ತೋರಿಸಿಕೊಟ್ಟವರು ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ. ಹೋಮರನ ಕಾವ್ಯ ಹೇಗೆ ಹುಟ್ಟಿರಬಹುದೆಂದು ತಿಳಿಯಲು ಅವರು 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಳ್ಳಿಗಳಿಗೆ ಹೋದರು. ಅಲ್ಲಿ ಅವ್ದೋ ಮೆಜೆದೊವಿಚ್ ಎಂಬ ಅನಕ್ಷರಸ್ಥ ಗಾಯಕರು, ತಾವು ಮೊದಲು ಕೇಳಿರದ ಕಥೆಯೊಂದನ್ನು ಬೇರೊಬ್ಬರ ಬಾಯಲ್ಲಿ ಒಮ್ಮೆ ಕೇಳಿ ಕೂಡಲೇ ತಾವೇ ಹಾಡಿದರು. ಅದು ಕೇಳಿದ್ದಕ್ಕಿಂತ ಎರಡೂವರೆ ಪಾಲಿಗೂ ಹೆಚ್ಚು ಉದ್ದವಾಗಿತ್ತು. ಗಾಯಕನೇ ಕವಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಮ್ಮಲ್ಲಿ ಮಂಟೇಸ್ವಾಮಿ ಕಾವ್ಯ ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ದನಿ ಕ್ಯಾಸೆಟ್ಟುಗಳ ಮೂಲಕ ಊರೂರಿಗೂ ಹೋಯಿತು. ಇವೆರಡೂ ದೊಡ್ಡ ಉಪಕಾರಗಳೇ. ಆದರೆ ಅಚ್ಚಾದದ್ದು ಒಂದು ಸಲದ ಹಾಡಿಕೆ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಇಡೀ ರಾತ್ರಿ ಹಿಡಿಸದು. ಅದೊಂದೇ ಸರಿ, ಮಿಕ್ಕವರು ಹಾಡುವುದು ತಪ್ಪು ಎಂದು ನಾವು ತಿಳಿದರೆ ಕಟ್ಟುವ ಬಾಯಿ ಕಟ್ಟಿಹೋಗುತ್ತದೆ.

ಇನ್ನೊಂದು ಮಾತು. ಪಂಪ, ಕುಮಾರವ್ಯಾಸರನ್ನು ನಾವು ಹೆಸರು ಹಿಡಿದು ಓದುತ್ತೇವೆ. ಹಳ್ಳಿಯ ಹಾಡಿಗೆ ಮಾತ್ರ ‘ಜನಪದ’ ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ಕಥೆ ಎಲ್ಲರದು, ನಿಜ. ಆದರೆ ಆ ರಾತ್ರಿ ಆ ಮಾತುಗಳನ್ನು ಕಟ್ಟಿದ ವ್ಯಕ್ತಿಗೆ ಹೆಸರಿದೆ, ಊರಿದೆ, ಗುರುವಿದ್ದಾನೆ.

ಆದ್ದರಿಂದ ಮುಂದಿನ ಜಾತ್ರೆಗೆ ಹೋದಾಗ ನೀವು ಒಂದು ಕೆಲಸ ಮಾಡಿ. ಹಾಡಿದವರ ಒಪ್ಪಿಗೆ ಕೇಳಿ, ಅವರ ಹೆಸರು, ಊರು, ಗುರುವಿನ ಹೆಸರು, ಹಾಡಿದ ದಿನ ಇಷ್ಟನ್ನು ಮೊದಲು ಬರೆದುಕೊಳ್ಳಿ. ಹಾಡು ಬರೆಯುವುದು ಆಮೇಲೆ. ಕವಿಯ ಹೆಸರು ಕೇಳುವುದು ಕಾವ್ಯಕ್ಕೆ ಸಲ್ಲಿಸುವ ಮೊದಲ ಗೌರವ.